ಪುಟ್ಟ ಕ್ಯಾಬಿನೆಟ್‌ನ ಎಸ್‌ಎಂಪಿಎಸ್: ಆರು ಯಂತ್ರ ಜೋಡಿಸಿದ ಅನುಭವ

ವಿಡಿಯೊ ಎಡಿಟಿಂಗ್ ತಂಡವೊಂದಕ್ಕೆ ಕಂಪ್ಯೂಟರ್ ಜೋಡಿಸಿಕೊಡುವುದು, ಕೆಟ್ಟರೆ ಸರಿಮಾಡುವುದು ನನ್ನ ಕೆಲಸ. ಮೇಜಿನ ಮೇಲೆ ಜಾಗವಿಲ್ಲ, ಆದಷ್ಟು ಚಿಕ್ಕ ಯಂತ್ರಗಳೇ ಬೇಕು ಅಂದರು. ಒಟ್ಟು ಆರು. ಉದ್ದ ಅಗಲ ಎರಡೂ 170 ಮಿ.ಮೀ. ಇರುವ ಮಿನಿ ಐಟಿಎಕ್ಸ್ ಮದರ್‌ಬೋರ್ಡ್, ಸುಮಾರು 11 ಲೀಟರ್ ಗಾತ್ರದ ಕ್ಯಾಬಿನೆಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಆರಿಸಲು ಒಂದು ವಾರ ಕೂತೆ. ಈ ಎಲ್ಲ ಭಾಗಗಳಿಗೂ ವಿದ್ಯುತ್ ಒದಗಿಸುವ ಡಬ್ಬಿ, ಎಸ್‌ಎಂಪಿಎಸ್‌ಗೆ ಹತ್ತು ನಿಮಿಷ ಕೊಟ್ಟೆ. ಆಮೇಲಿನ ಎರಡು ತಿಂಗಳ ಒದ್ದಾಟವೆಲ್ಲ ಆ ಹತ್ತು ನಿಮಿಷದ್ದೇ.

ಮಾಮೂಲಿ ಎಟಿಎಕ್ಸ್ ಅಳತೆಯ ಎಸ್‌ಎಂಪಿಎಸ್ 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರ. ಇಂಥ ಕ್ಯಾಬಿನೆಟ್‌ಗೆ ಅದು ಹಿಡಿಸುವುದಿಲ್ಲ. ಹಾಗಾಗಿ ಎಸ್‌ಎಫ್‌ಎಕ್ಸ್ ಅನ್ನುವ ಚಿಕ್ಕ ಅಳತೆಯದು ಬೇಕು: 125 ಮಿ.ಮೀ. ಅಗಲ, 63.5 ಮಿ.ಮೀ. ಎತ್ತರ, 100 ಮಿ.ಮೀ. ಉದ್ದ. ಇದರದೇ ಅಣ್ಣ ಎಸ್‌ಎಫ್‌ಎಕ್ಸ್-ಎಲ್. ಅಗಲ, ಎತ್ತರ ಅಷ್ಟೇ, ಉದ್ದ ಮಾತ್ರ 130 ಮಿ.ಮೀ. ಆ ಉದ್ದದಿಂದಾಗಿ 120 ಮಿ.ಮೀ. ಫ್ಯಾನ್ ಕೂರುತ್ತದೆ, ಸದ್ದು ಕಡಿಮೆ. ಎಡಿಟಿಂಗ್ ಕೋಣೆಗೆ ಮೌನ ಮುಖ್ಯ ಅಂತ 500 ವ್ಯಾಟ್‌ನ ಎಸ್‌ಎಫ್‌ಎಕ್ಸ್-ಎಲ್ ತರಿಸಿದೆ. ಕ್ಯಾಬಿನೆಟ್‌ನ ವಿವರದಲ್ಲೂ ‘ಎಸ್‌ಎಫ್‌ಎಕ್ಸ್-ಎಲ್ ಹಿಡಿಸುತ್ತದೆ’ ಅಂತಲೇ ಇತ್ತು.

ಹಿಡಿಸಿತು ನಿಜ. ಆದರೆ ಕೇಬಲ್ ಸಿಕ್ಕಿಸುವ ಮುಖ ಗ್ರಾಫಿಕ್ಸ್ ಕಾರ್ಡ್ ಕಡೆಗಿತ್ತು. ಕನೆಕ್ಟರ್ ಹೊರಚಾಚುತ್ತದೆ, ಅದರಾಚೆ ವೈರು ಬಾಗಬೇಕು. ಈ ಎರಡಕ್ಕೂ ಬೇಕಿದ್ದ ಜಾಗವನ್ನು ಆ ಹೆಚ್ಚುವರಿ 30 ಮಿ.ಮೀ. ತಿಂದುಹಾಕಿತ್ತು. 24 ಪಿನ್‌ನ ದಪ್ಪ ಕೇಬಲ್ಲನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು ಪಕ್ಕದ ಬಾಗಿಲು ಮುಚ್ಚಿದೆ. ಆನ್ ಮಾಡಿದರೆ ಕಟಕಟ ಸದ್ದು. ಒಂದು ವೈರು ಗ್ರಾಫಿಕ್ಸ್ ಕಾರ್ಡ್‌ನ ಫ್ಯಾನ್ ರೆಕ್ಕೆಗೆ ತಾಗುತ್ತಿತ್ತು. ಟೈ ಬಿಗಿದು ಅದನ್ನೇನೋ ಸರಿಮಾಡಿದೆ, ಆದರೆ ಗಾಳಿ ಓಡಾಡುವ ದಾರಿಯಲ್ಲೇ ಕೇಬಲ್ ಗಂಟು ಉಳಿಯಿತು.

ಮೂರನೇ ವಾರ ಎಡಿಟರ್ ಒಬ್ಬರು ಬಂದರು. “ಸರ್, ರೆಂಡರ್‌ಗೆ ಹಾಕಿದ ತಕ್ಷಣ ಮಷೀನ್ ಪಟ್ ಅಂತ ಆಫ್ ಆಗ್ತಿದೆ.” ಮರುದಿನ ಇನ್ನೊಬ್ಬರು. ನನ್ನ ಲೆಕ್ಕ ತಪ್ಪಿರಲಿಲ್ಲ. 65 ವ್ಯಾಟ್ ಅಂತ ಬರೆದಿರುವ ರೈಜನ್ ಪ್ರೊಸೆಸರ್ 88 ವ್ಯಾಟ್‌ವರೆಗೂ ಎಳೆಯಬಹುದು ಅನ್ನುವುದನ್ನೂ ಹಿಡಿದಿದ್ದೆ. ಕಾರ್ಡ್‌ಗೆ 220, ಉಳಿದದ್ದಕ್ಕೆ 50, ಒಟ್ಟು 360ರ ಆಸುಪಾಸು. 500 ಧಾರಾಳ ಅನ್ನಿಸಿತ್ತು. ನಾನು ಗಮನಿಸದೆ ಬಿಟ್ಟದ್ದು ಕ್ಷಣದ ಏರಿಕೆಯನ್ನು. ಕಾರ್ಡ್ ಮೇಲಿನ 220 ಸರಾಸರಿ ಲೆಕ್ಕ. ಕೆಲಸ ಶುರುವಾಗುವ ಹೊತ್ತಿಗೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಕಾಲ ಅದರ ಎಳೆತ ದುಪ್ಪಟ್ಟಿನವರೆಗೂ ಹಾರಬಹುದು. ಎಸ್‌ಎಂಪಿಎಸ್ ಇದನ್ನು ಅಪಾಯವೆಂದು ತಿಳಿದು ತನ್ನನ್ನು ಕಾಪಾಡಿಕೊಳ್ಳಲು ಆರಿಹೋಗುತ್ತದೆ. ಅದು ಕೆಟ್ಟಿರಲಿಲ್ಲ, ತನ್ನ ಕೆಲಸ ಮಾಡುತ್ತಿತ್ತು. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮ ಈ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ. ಅದರ ಪ್ರಕಾರ 450 ವ್ಯಾಟ್‌ಗಿಂತ ದೊಡ್ಡ ಎಸ್‌ಎಂಪಿಎಸ್ 100 ಮೈಕ್ರೋಸೆಕೆಂಡ್ ಕಾಲ ತನ್ನ ಸಾಮರ್ಥ್ಯದ ಎರಡು ಪಟ್ಟು ತಾಳಬೇಕು.

ಎಲ್ಲವನ್ನೂ ತೆಗೆದು 650 ವ್ಯಾಟ್‌ನ, 100 ಮಿ.ಮೀ. ಉದ್ದದ, ಎಟಿಎಕ್ಸ್ 3.0 ಒಪ್ಪುವ ಎಸ್‌ಎಫ್‌ಎಕ್ಸ್ ಹಾಕಲು ಶುರುಮಾಡಿದೆ. ದೊಡ್ಡ ತಪ್ಪು ನಡೆದದ್ದು ಇಲ್ಲೇ. ಎರಡನೇ ಯಂತ್ರದಲ್ಲಿ ಡ್ರೈವ್‌ಗೆ ವಿದ್ಯುತ್ ಒಯ್ಯುವ ಸಾಟಾ ಪವರ್ ಕೇಬಲ್ ಬೋರ್ಡಿನ ಹಿಂದಿನಿಂದ ಅಚ್ಚುಕಟ್ಟಾಗಿ ಹೋಗಿತ್ತು. ಬಿಚ್ಚಿ ಮತ್ತೆ ಎಳೆಯಲು ಅರ್ಧ ಗಂಟೆ. ಹಳೆಯ ಕೇಬಲ್ಲಿನ ತುದಿ ಹೊಸ ಎಸ್‌ಎಂಪಿಎಸ್‌ನ ತೂತಿಗೆ ಸಲೀಸಾಗಿ ಕೂತಿತು, ಹಾಗೇ ಬಿಟ್ಟೆ. ಆನ್ ಮಾಡಿದ ಮರುಕ್ಷಣ ಸುಟ್ಟ ಪ್ಲಾಸ್ಟಿಕ್ ವಾಸನೆ. ಡ್ರೈವ್ ಕಡೆಯ ತುದಿಯ ಪಿನ್‌ಗಳಿಗೆ ನಿಯಮವಿದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಒಬ್ಬೊಬ್ಬ ತಯಾರಕರದು ಒಂದೊಂದು ಜೋಡಣೆ, ಕೆಲವೊಮ್ಮೆ ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ. 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ವೋಲ್ಟ್ ಹೋಗಿ, ಫೈಲುಗಳನ್ನು ಉಳಿಸುವ ಡ್ರೈವ್ ಆದ ಎಸ್‌ಎಸ್‌ಡಿ ಸತ್ತಿತ್ತು. ಅದರಲ್ಲಿ ಆ ಎಡಿಟರ್‌ರ ಎರಡು ದಿನದ ಕೆಲಸವಿತ್ತು, ಬ್ಯಾಕಪ್‌ಗೆ ಇನ್ನೂ ಹೋಗಿರಲಿಲ್ಲ. ಅವರ ಮುಂದೆ ನಿಂತು ವಿಷಯ ಹೇಳಿದ ಆ ಐದು ನಿಮಿಷ ಇವತ್ತಿಗೂ ಮರೆತಿಲ್ಲ.

ಈಗ ಆರ್ಡರ್ ಕೊಡುವ ಮೊದಲೇ ಎಸ್‌ಎಂಪಿಎಸ್ ಅಳತೆಯ ರಟ್ಟಿನ ಡಬ್ಬಿ ಮಾಡಿ, ಮುಂದೆ ಕೇಬಲ್ ಬಾಗಲು 40 ಮಿ.ಮೀ. ಸೇರಿಸಿ, ಕ್ಯಾಬಿನೆಟ್ ಒಳಗಿಟ್ಟು ನೋಡುತ್ತೇನೆ. ಗೋಲ್ಡ್, ಪ್ಲಾಟಿನಂ ಅನ್ನುವ 80 ಪ್ಲಸ್ ಮುದ್ರೆಯನ್ನು ನೋಡುತ್ತೇನೆ, ಆದರೆ ಅದೊಂದನ್ನೇ ನಂಬುವುದಿಲ್ಲ. ಅದು ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನು, ಅದೂ 23 ಡಿಗ್ರಿಯ ಕೋಣೆಯಲ್ಲಿ ಅಳೆದದ್ದು. ಪುಟ್ಟ ಕ್ಯಾಬಿನೆಟ್ ಒಳಗೆ ಅಷ್ಟು ತಂಪು ಎಲ್ಲಿಂದ? ಹಾಗಾಗಿ ಪೂರ್ತಿ ವ್ಯಾಟ್ ಕೊಡುವುದು 40 ಡಿಗ್ರಿವರೆಗೋ 50 ಡಿಗ್ರಿವರೆಗೋ ಅನ್ನುವುದನ್ನು ಹುಡುಕಿ ಓದುತ್ತೇನೆ. ಎಸ್‌ಎಂಪಿಎಸ್ ಬದಲಿಸಿದರೆ ಹಳೆಯ ಕೇಬಲ್ ಒಂದೂ ಒಳಗೆ ಉಳಿಯುವುದಿಲ್ಲ. ಡ್ರೈವ್ ಸಿಕ್ಕಿಸುವ ಮೊದಲು ಮಲ್ಟಿಮೀಟರ್ ಹಿಡಿದು 5 ವೋಲ್ಟ್ ಪಿನ್‌ನಲ್ಲಿ 5 ವೋಲ್ಟೇ ಇದೆಯೇ ಅಂತ ನೋಡುತ್ತೇನೆ.

ತೆಗೆದ ಆರು ಎಸ್‌ಎಫ್‌ಎಕ್ಸ್-ಎಲ್‌ಗಳಲ್ಲಿ ದೋಷವೇನೂ ಇರಲಿಲ್ಲ. ಒಂದೊಂದನ್ನೂ ಅದರದೇ ಕೇಬಲ್‌ಗಳ ಜೊತೆ ಚೀಲದಲ್ಲಿಟ್ಟು ಹೆಸರು ಬರೆದೆ. ನಾಲ್ಕು ಈಗ ಅಡಾಪ್ಟರ್ ಪಟ್ಟಿ ಹಾಕಿಸಿಕೊಂಡು ದೊಡ್ಡ ಕ್ಯಾಬಿನೆಟ್‌ಗಳಲ್ಲಿ, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ, ಸದ್ದಿಲ್ಲದೆ ಓಡುತ್ತಿವೆ.