ಎಣ್ಣೆ ಬಾಟಲಿ ಆಮೇಲೆ ತೆಗೆಯಿರಿ

ಮಡಿಕೇರಿ ದಸರೆಯ ಹೊತ್ತಿಗೆ ರಸ್ತೆಬದಿಯ ಆಟಿಕೆ ಅಂಗಡಿಗಳಲ್ಲಿ ರೋಬೋ ಆಗುವ ಕಾರುಗಳದ್ದೇ ಕಾರುಬಾರು. ಮನೆಗೆ ತಂದು ಕಾವಿ ನೆಲದ ಮೇಲೆ ತಳ್ಳಿದರೆ ಮಾತ್ರ ಅದು ಓಡುವುದಿಲ್ಲ, ಜಾರುತ್ತದೆ. ಆಗ ಎಲ್ಲರ ಕೈ ಹೋಗುವುದು ಎಣ್ಣೆ ಬಾಟಲಿಗೆ. ಈ ಜಾತಿಯ ಕಾರಿನಲ್ಲಿ ಚಕ್ರದ ತಪ್ಪು ಕಡಿಮೆ, ಮೈಯ ತಪ್ಪೇ ಹೆಚ್ಚು.

ಸಾದಾ ಆಟದ ಕಾರಿಗೆ ಒಂದು ತಳ, ಅಡ್ಡಲಾಗಿ ಎರಡು ಕಡ್ಡಿ, ನಾಲ್ಕು ಚಕ್ರ, ಮುಗಿಯಿತು. ರೋಬೋ ಕಾರಿನಲ್ಲಿ ಮುಂದಿನ ಚಕ್ರ ರೋಬೋದ ಭುಜಕ್ಕೋ ಎದೆಗೋ ಅಂಟಿಕೊಂಡಿರುತ್ತದೆ, ಹಿಂದಿನದು ಹೆಚ್ಚಾಗಿ ಕಾಲಿಗೆ. ಎರಡು ಕಾಲೂ ಬೇರೆಯಾಗಬೇಕಲ್ಲ, ಹಾಗಾಗಿ ಹಿಂದಿನ ಚಕ್ರಗಳ ನಡುವೆ ಒಂದೇ ಕಡ್ಡಿ ಹಾಕಲು ಬರುವುದಿಲ್ಲ. ಒಂದೊಂದು ಚಕ್ರವೂ ತನ್ನದೇ ಗಿಡ್ಡ ಪಿನ್ನಿನ ಮೇಲೆ ನಿಂತಿರುತ್ತದೆ. ನಡುವೆ ಹತ್ತಾರು ಕೀಲು. ಯಾವುದೋ ಒಂದು ಕೀಲು ಅರ್ಧ ಮಿಲಿಮೀಟರ್ ಕೂರದೆ ಉಳಿದರೆ ಸಾಕು, ಒಂದು ಚಕ್ರ ಗಾಳಿಯಲ್ಲಿ.

ಪತ್ತೆಗೆ ಬೇಕಾದದ್ದು ಒಂದು ಗಾಜಿನ ಹಲಗೆ ಅಥವಾ ಕನ್ನಡಿ, ಮತ್ತೆ ಜೆರಾಕ್ಸ್ ಕಾಗದ. ನೆಲವನ್ನು ನಂಬಬೇಡಿ, ಹಳೆಯ ಕಾವಿ ನೆಲ ಕಣ್ಣಿಗೆ ಸಮ, ಅಳತೆಗಲ್ಲ. ಕಾರನ್ನು ಗಾಜಿನ ಮೇಲಿಟ್ಟು ಒಂದೊಂದು ಚಕ್ರದಡಿಗೂ ಕಾಗದದ ಪಟ್ಟಿ ತೂರಿಸಿ ಎಳೆಯಿರಿ. ಎಳೆಯುವಾಗ ತಡೆದರೆ ಚಕ್ರ ಭಾರ ಹೊತ್ತಿದೆ. ಸಲೀಸಾಗಿ ಬಂದರೆ ಅದು ನೆಲ ಮುಟ್ಟಿಲ್ಲ. ಆಮೇಲೆ ಹೊಟ್ಟೆಯಡಿಗೆ ತೂರಿಸಿ. ಅಲ್ಲಿ ಎಲ್ಲಾದರೂ ಕಚ್ಚಿಕೊಂಡರೆ ಕಳ್ಳ ಸಿಕ್ಕಿದ ಹಾಗೆ: ಸಾಮಾನ್ಯವಾಗಿ ಪೂರ್ತಿ ಮಡಚದ ಮುಷ್ಟಿ, ಒಳಗೆ ತಿರುಗಿಸಲು ಮರೆತ ತಲೆ, ಇಲ್ಲವೇ ಪಾದದ ತುದಿ. ಹೊಟ್ಟೆಗೂ ಗಾಜಿಗೂ ನಡುವೆ ಕನಿಷ್ಠ 1 ಮಿ.ಮೀ. ಇರಲಿ, ಅಂದರೆ ಜೆರಾಕ್ಸ್ ಕಾಗದ ಸುಮಾರು ಹತ್ತು ಹಾಳೆ. ಚಾಪೆಯ ಮೇಲೆ ಓಡಬೇಕಾದರೆ ಅದೂ ಸಾಲದು.

ಪರಿಹಾರ ಬೋರು ಹೊಡೆಸುವಂಥದ್ದು: ಪೂರ್ತಿ ರೋಬೋ ಮಾಡಿ, ಮೊದಲಿನಿಂದ ಮತ್ತೆ ಕಾರು ಮಾಡಿ. ಅರ್ಧದಲ್ಲಿ ಒತ್ತಿ ಸರಿಮಾಡಲು ಹೋದರೆ ಒಂದು ಕಡೆ ಕೂತದ್ದು ಇನ್ನೊಂದು ಕಡೆ ಏಳುತ್ತದೆ. ಮೊದಲು ತಲೆ, ಕೈ ಒಳಗೆ ಹೋಗಲಿ; ಎರಡು ಕಾಲು ಜೋಡಿಸಿ; ಬಾನೆಟ್ಟು, ಬಾಗಿಲಿನಂಥ ಹೊರ ಹೊದಿಕೆ ಕೊನೆಗೆ. ಪ್ರತಿ ಗೂಟವೂ ತನ್ನ ತೂತಿನಲ್ಲಿ ಟಕ್ಕೆನ್ನಬೇಕು. ಸದ್ದು ಬಾರದ ಕಡೆ ಗೂಟದ ಬುಡದಲ್ಲಿ ಎರಕದ ಅಂಚು, ಕೂದಲೆಳೆಯಂಥ ಪ್ಲಾಸ್ಟಿಕ್, ಉಳಿದಿರುತ್ತದೆ. ಬ್ಲೇಡಿನಿಂದ ಹೆರೆದರೆ ಆಯಿತು.

ಇಷ್ಟಾದ ಮೇಲೂ ತಿರುಗದಿದ್ದರೆ ಚಕ್ರದ ಸರದಿ. ಕಾರನ್ನು ಮಗುಚಿ ಬೆರಳಲ್ಲಿ ಚಿಮ್ಮಿ; ಎರಡು ಮೂರು ಸುತ್ತು ಬರಬೇಕು. ಚಕ್ರ ಅಕ್ಕಪಕ್ಕ ಅಲುಗಬೇಕು, ಮೂರು ನಾಲ್ಕು ಹಾಳೆ ದಪ್ಪದಷ್ಟು. ಅಲುಗದೇ ಇದ್ದರೆ ಕಾರ್ಖಾನೆಯಲ್ಲಿ ಪಿನ್ನನ್ನು ಜಾಸ್ತಿ ಒತ್ತಿದ್ದಾರೆ. ಚಕ್ರದ ಹಿಂದೆ ಎದುರುಬದುರು ಎರಡು ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಒಟ್ಟಿಗೆ ಮೀಟಿ. ಒಂದೇ ಕಡೆಯಿಂದ ಮೀಟಿದರೆ ಪಿನ್ನು ಸೊಟ್ಟಗಾಗುತ್ತದೆ. ಪ್ಲಾಸ್ಟಿಕ್ ಪಿನ್ನಾದರೆ ಮುರಿದೇ ಹೋಗುತ್ತದೆ. ಅದಕ್ಕೆ ಮೊದಲು ಒಂದೆರಡು ನಿಮಿಷ ಬಿಸಿನೀರಲ್ಲಿ, ಕೈಗೆ ತಡೆಯದಷ್ಟು ಬಿಸಿ ಆದರೆ ಕುದಿಯುವುದಲ್ಲ, ಅದ್ದಿ.

ಸ್ಕ್ರೂ ಬಿಚ್ಚಲೇಬೇಕಾದರೆ ಮೊರದೊಳಗೆ ಇಟ್ಟುಕೊಂಡು ಬಿಚ್ಚಿ, ಸ್ಪ್ರಿಂಗು ಹಾರಿ ಕಪಾಟಿನಡಿ ಸೇರುವುದಿಲ್ಲ. ವಾಪಸು ಹಾಕುವಾಗ ಸ್ಕ್ರೂವನ್ನು ಮೊದಲು ಎಡಕ್ಕೆ ತಿರುಗಿಸಿ. ಸಣ್ಣಗೆ ಕೆಳಗಿಳಿದಂತಾದ ಮೇಲೆ ಬಲಕ್ಕೆ. ತೂತಿನೊಳಗೆ ಸ್ಕ್ರೂ ಕೊರೆದ ಹಳೆಯ ಸುರುಳಿ ಗೆರೆಯಲ್ಲೇ ಹೋಗುತ್ತದೆ, ಪ್ಲಾಸ್ಟಿಕ್ ತೂತು ಕೆಡುವುದಿಲ್ಲ.

ಕೊಡಗಿನ ಮಳೆಗಾಲದ ಕಥೆಯೇ ಬೇರೆ. ಜಗಲಿಯಲ್ಲಿ ನೆನೆದ ಕಾರಿನ ಉಕ್ಕಿನ ಪಿನ್ನು ತುಕ್ಕು ಹಿಡಿಯುತ್ತದೆ, ಕೆಂಪು ಮಣ್ಣು ಸಂದಿಯಲ್ಲಿ ಒಣಗಿ ಸಿಮೆಂಟಾಗುತ್ತದೆ. ಹಳೆಯ ಟೂತ್‌ಬ್ರಶ್, ಸೋಪಿನ ನೀರು ಸಾಕು. ಪಿನ್ನಿಗೆ ಸುತ್ತಿದ ಕೂದಲನ್ನು ಸೂಜಿಯಲ್ಲಿ ಎತ್ತಿ ಕತ್ತರಿಸಿ. ತುಕ್ಕಿಗೆ 600 ನಂಬರಿನ ಎಮರಿ ಕಾಗದದ ಸಣ್ಣ ಪಟ್ಟಿ. ಒಣಗಿಸಲು ಬಟ್ಟೆಯ ಜೊತೆ ಬಚ್ಚಲ ಒಲೆಯ ಹತ್ತಿರ ಮಾತ್ರ ಇಡಬೇಡಿ. ಸೊಟ್ಟಗಾದ ತಳ ಮತ್ತೆ ನೆಟ್ಟಗಾಗುವುದು ಕಷ್ಟ.

ಈಗ ಎಣ್ಣೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಮಡಿಕೇರಿ ಬೆಳಿಗ್ಗೆಯಲ್ಲಿ ಅದು ಎಣ್ಣೆಯಲ್ಲ, ಮೇಣ. ಹೊಲಿಗೆ ಯಂತ್ರದ ಎಣ್ಣೆ ಕೆಲವು ಪ್ಲಾಸ್ಟಿಕ್ಕನ್ನು ನಿಧಾನವಾಗಿ ಬಿರುಕು ಬಿಡಿಸುತ್ತದೆ, ಅದರಲ್ಲೂ ಪಾರದರ್ಶಕ ಭಾಗಗಳನ್ನು. ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಅಂತೂ ಆಟಿಕೆಗಳಲ್ಲಿ ಹೆಚ್ಚಾಗಿ ಬಳಸುವ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸಿಯೇ ಬಿಡುತ್ತದೆ. 2ಬಿ ಪೆನ್ಸಿಲಿನ ಸೀಸವನ್ನು ಬ್ಲೇಡಲ್ಲಿ ಕೆರೆದು ಒಂದು ಚಿಟಿಕೆ ಪುಡಿಯನ್ನು ಪಿನ್ನಿನ ಸುತ್ತ ಉದುರಿಸಿ, ಚಕ್ರವನ್ನು ಇಪ್ಪತ್ತು ಸಲ ತಿರುಗಿಸಿ. ಕೈ ಕಪ್ಪಾಗುತ್ತದೆ ಅಷ್ಟೇ, ಧೂಳು ಹಿಡಿಯುವುದಿಲ್ಲ. ಸಿಲಿಕಾನ್ ಎಣ್ಣೆ ಸಿಕ್ಕರೆ ಟೂತ್‌ಪಿಕ್ಕಿನ ತುದಿಯಲ್ಲಿ ಒಂದು ಹನಿ, ಎರಡಲ್ಲ.

ಮುರಿದ ಪಿನ್ನಿಗೆ 2 ಮಿ.ಮೀ. ಸೈಕಲ್ ಸ್ಪೋಕನ್ನು ತುಂಡರಿಸಿ ಹಾಕಬಹುದು, ತೂತು ಅದಕ್ಕೆ ತಕ್ಕ ಹಾಗಿದ್ದರೆ. ಕತ್ತರಿಸಿದ ತುದಿಯನ್ನು ಅರದಲ್ಲಿ ಉಜ್ಜಿ ನುಣುಪು ಮಾಡಿ. ಫೆವಿಕ್ವಿಕ್ ಮುಟ್ಟಬೇಡಿ. ಅದು ಸಂದಿಯಲ್ಲಿ ತಾನಾಗಿ ಹರಿದು ಚಕ್ರವನ್ನೂ ಸೇರಿಸಿ ಅಂಟಿಸುತ್ತದೆ.

ಅಗ್ಗದ ಕೆಲವು ಕಾರುಗಳಲ್ಲಿ ಚಕ್ರವನ್ನು ಮೈ ಜೊತೆಗೇ ಎರಕ ಹೊಯ್ದಿರುತ್ತಾರೆ, ಪಿನ್ನೇ ಇರುವುದಿಲ್ಲ. ಕೊಳ್ಳುವಾಗಲೇ ಅಂಗಡಿಯವರ ಮೇಜಿನ ಮೇಲೆ ಒಂದು ಸಲ ತಳ್ಳಿ ನೋಡಿ.