ತೀರ್ಥಹಳ್ಳಿಯಿಂದ ಕೊಯಮತ್ತೂರಿನ ಟ್ರ್ಯಾಕಿಗೆ: ಎಂಟು ಚಕ್ರಗಳೊಡನೆ ಒಂದು ಪ್ರಯಾಣ

ಕೊಯಮತ್ತೂರಿನ ಹೊರವಲಯದ ಚೆಟ್ಟಿಪಾಳ್ಯದಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ ಎಂಬ ರೇಸ್ ಟ್ರ್ಯಾಕಿಗೆ ತೀರ್ಥಹಳ್ಳಿಯಿಂದ 500 ಕಿ.ಮೀ.ಗೂ ಹೆಚ್ಚು ದೂರ. ನನ್ನ ಫೋಕ್ಸ್‌ವ್ಯಾಗನ್ ಪೋಲೊ ಕಾರನ್ನು ಅಲ್ಲಿ ಓಡಿಸಲೆಂದು ಎರಡು ಬಾರಿ ಹೋಗಿ ಬಂದಿದ್ದೇನೆ. ಮೊದಲ ಸಲ ಕಾರಿಗೆ ಹಾಕಿದ್ದ ನಾಲ್ಕು ಚಕ್ರಗಳಲ್ಲೇ ಹೋದೆ. ಎರಡನೆಯ ಸಲ ಇನ್ನೂ ನಾಲ್ಕನ್ನು ಒಳಗೆ ಹೇರಿಕೊಂಡು ಹೋದೆ. ಮಲೆನಾಡಿನಿಂದ ಹೊರಡುವವರು ಎರಡನೆಯ ರೀತಿಯಲ್ಲೇ ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಪ್ರಯಾಣ ಆಗಸ್ಟ್ ತಿಂಗಳಲ್ಲಿತ್ತು. ಟ್ರ್ಯಾಕಿನ ಉದ್ದ 2.1 ಕಿ.ಮೀ. ಮಾತ್ರ, ಆದರೆ ತಿರುವುಗಳು ಒಂದರ ಹಿಂದೊಂದು ಬರುತ್ತವೆ. ಮುಂದಿನ ಚಕ್ರಗಳೇ ಎಳೆಯುವ, ಅವೇ ತಿರುಗುವ ಕಾರಿನಲ್ಲಿ ಮುಂದಿನ ಟಯರುಗಳ ಹೊರ ಅಂಚು ಎಷ್ಟು ಬೇಗ ಸವೆಯುತ್ತದೆಂಬುದು ಸಂಜೆ ಬಗ್ಗಿ ನೋಡಿದಾಗಲೇ ನನಗೆ ಅರಿವಾಯಿತು. ನಡುವಿನ ಗೆರೆಗಳು ಇನ್ನೂ ಆಳವಾಗಿದ್ದುದರಿಂದ ಸಮಾಧಾನಪಟ್ಟುಕೊಂಡು ಹೊರಟೆ. ಬಯಲುಸೀಮೆಯುದ್ದಕ್ಕೂ ಏನೂ ಆಗಲಿಲ್ಲ. ಶಿವಮೊಗ್ಗ ದಾಟಿ, ಸಕ್ರೆಬೈಲು ಕಳೆದು, ಮಂಡಗದ್ದೆಯ ಹತ್ತಿರ ಬರುವಾಗ ಮಳೆ ಹಿಡಿಯಿತು. ರಸ್ತೆಯಂಚಿನಲ್ಲಿ ನಿಂತ ನೀರಿನ ಮೇಲೆ ಗಂಟೆಗೆ 60 ಕಿ.ಮೀ. ವೇಗದಲ್ಲಿಯೇ ಸ್ಟೀರಿಂಗ್ ಹಗುರಾಗಿ, ಕಾರು ಒಂದು ಕ್ಷಣ ತೇಲಿತು. ಟಯರಿನ ಅಡಿಯ ನೀರು ಅಂಚಿನ ಗೆರೆಗಳ ಮೂಲಕ ಹೊರಗೆ ಹರಿಯಬೇಕು. ಆ ಗೆರೆಗಳೇ ಇಲ್ಲದಿದ್ದರೆ ನಡುವಿನ ಆಳದಿಂದ ಹೆಚ್ಚಿನ ಪ್ರಯೋಜನವಿಲ್ಲ. ಗೆರೆಯ ಆಳ 1.6 ಮಿ.ಮೀ.ಗೆ ಇಳಿದರೆ ಟಯರು ಮುಗಿಯಿತೆಂದು ಲೆಕ್ಕ. ಆದರೆ ನಮ್ಮ ಮಳೆಗೆ ಅದಕ್ಕಿಂತ ಬಹಳ ಮೊದಲೇ ಟಯರು ಸಾಲದಾಗುತ್ತದೆ.

ಹಾಗಾಗಿ ಟ್ರ್ಯಾಕಿನಲ್ಲಿ ಓಡಿಸಲೆಂದೇ ಎರಡನೆಯ ಜೊತೆ ಚಕ್ರಗಳು ಬೇಕಾದವು. ಇದೇ ಮಾದರಿಯ ಕಾರಿನಿಂದ ಬಿಚ್ಚಿದ, ಕಂಪನಿಯದೇ ಆದ 15 ಇಂಚಿನ ಹಳೆಯ ಅಲಾಯ್ (ಅಲ್ಯೂಮಿನಿಯಮ್ ಮಿಶ್ರಲೋಹದ) ಚಕ್ರಗಳನ್ನು ಕೊಂಡೆ. ಹೊರಗಿನ, ಅಂದರೆ ಬೇರೆ ತಯಾರಕರ, ಅಲಾಯ್ ಕೊಳ್ಳುವವರು ಒಂದು ವಿಷಯವನ್ನು ತಪ್ಪದೆ ಗಮನಿಸಬೇಕು. ಪೋಲೊಗೆ ಬೋಲ್ಟ್ ರಂಧ್ರಗಳು ಐದು, ಅವುಗಳ ವೃತ್ತದ ಅಡ್ಡಳತೆ 100 ಮಿ.ಮೀ., ನಡುವಿನ ರಂಧ್ರ 57.1 ಮಿ.ಮೀ.; ಇಷ್ಟು ಹೊಂದಿದರೂ ಕೆಲಸ ಮುಗಿಯುವುದಿಲ್ಲ. ಕಂಪನಿಯ ಚಕ್ರಗಳಿಗೆ ತಲೆಯಡಿ ಗುಂಡಗಿರುವ ಬೋಲ್ಟ್ ಬೇಕು, ಹೊರಗಿನ ಅಲಾಯ್‌ಗಳಿಗೆ ಸಾಮಾನ್ಯವಾಗಿ ಶಂಕುವಿನಾಕಾರದ್ದು ಬೇಕು. ಒಂದರ ಬೋಲ್ಟನ್ನು ಇನ್ನೊಂದಕ್ಕೆ ಹಾಕಿದರೆ ಅದು ಬಿಗಿಯಾದಂತೆ ತೋರುತ್ತದೆಯೇ ಹೊರತು ಸರಿಯಾಗಿ ಕೂರುವುದಿಲ್ಲ, ಓಡುತ್ತ ಓಡುತ್ತ ಸಡಿಲವಾಗುತ್ತದೆ. ಇದೇ ಕಾರಣಕ್ಕೆ ಹೊರಗಿನ ಅಲಾಯ್ ಹಾಕಿಸಿದವರು ಸ್ಟೆಪ್ನಿಗಾಗಿ ಕಂಪನಿಯ ಹಳೆಯ ಬೋಲ್ಟುಗಳನ್ನೂ ಕಾರಿನಲ್ಲಿಯೇ ಇಟ್ಟುಕೊಂಡಿರಬೇಕು.

ಟಯರು ಕೂಡಿದ ಒಂದು ಚಕ್ರ ಸುಮಾರು 16 ಕೆ.ಜಿ. ತೂಗುತ್ತದೆ. ಹಿಂದಿನ ಸೀಟು ಮಡಚಿ, ಗೋಣಿಚೀಲ ಹಾಸಿ, ನಾಲ್ಕನ್ನೂ ಮಲಗಿಸಿ, ಲಾರಿಯವರು ಬಳಸುವ ಪಟ್ಟಿಯಿಂದ ಕೊಂಡಿಗಳಿಗೆ ಬಿಗಿದು ಕಟ್ಟಿದೆ. ಇದರಲ್ಲಿ ಸೋಮಾರಿತನ ಕೂಡದು. ಚಾಮರಾಜನಗರ ದಾಟಿದ ಮೇಲೆ ಬರುವ ದಿಂಬಂ ಘಾಟಿಯಲ್ಲಿ 27 ಹಿಮ್ಮುರಿ ತಿರುವುಗಳಿವೆ. ಕಟ್ಟದ ಚಕ್ರವು ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ನೇರವಾಗಿ ನಮ್ಮ ಬೆನ್ನಿಗೇ ಬರುತ್ತದೆ. ಆ ಕಾಡಿನ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಹಗಲಿನಲ್ಲಿಯೇ ದಾಟುವಂತೆ ಹೊರಡಬೇಕು. ನಾನು ಸ್ಟೆಪ್ನಿಯನ್ನು ಮನೆಯಲ್ಲಿಯೇ ಬಿಟ್ಟೆ. ಎಂಟೂ ಚಕ್ರಗಳು ಒಂದೇ ಅಳತೆಯವಾದ್ದರಿಂದ ದಾರಿಯಲ್ಲಿ ಪಂಕ್ಚರ್ ಆದರೆ ಒಳಗಿನ ಒಂದನ್ನು ಹಾಕಿಕೊಳ್ಳಬಹುದು. ಅಳತೆ ಬೇರೆಯಿದ್ದವರು ಹಾಗೆ ಮಾಡಬಾರದು. ಜಾಕ್ ಮತ್ತು ಪಾನೆಯನ್ನು ಮಾತ್ರ ಯಾರೂ ಮರೆಯಬಾರದು.

ಗಾಳಿಯ ವಿಚಾರದಲ್ಲಿ ಮಲೆನಾಡಿನವರಿಗೆ ಒಂದು ವಿಶೇಷ ತೊಡಕಿದೆ. ಉಷ್ಣಾಂಶ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಏರಿದರೆ ಟಯರಿನ ಒತ್ತಡ ಹೆಚ್ಚುಕಡಿಮೆ 1 ಪಿಎಸ್‌ಐ (ಗಾಳಿಯ ಒತ್ತಡ ಅಳೆಯುವ ಮಾನ) ಏರುತ್ತದೆ. ತೀರ್ಥಹಳ್ಳಿಯಲ್ಲಿ 18 ಡಿಗ್ರಿಯ ಬೆಳಗ್ಗೆ ತುಂಬಿಸಿದ ಟಯರು 34 ಡಿಗ್ರಿಯ ಮಧ್ಯಾಹ್ನ ಕೊಯಮತ್ತೂರಿನಲ್ಲಿ ನಿಂತಲ್ಲಿಯೇ 3 ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಟ್ರ್ಯಾಕಿನಲ್ಲಿ ಕೆಲವು ಸುತ್ತು ಓಡಿದ ಮೇಲೆ ಅದು ಇನ್ನೂ ಏರುತ್ತದೆ. ಆದ್ದರಿಂದ ಮನೆಯಲ್ಲಿ ಲೆಕ್ಕ ಹಾಕದೆ, ಅಲ್ಲಿಯೇ ಸ್ವಂತ ಗೇಜಿನಿಂದ ಅಳೆಯಬೇಕು. ಪ್ರತಿ ಸುತ್ತಾಟ ಮುಗಿದೊಡನೆ ನಾಲ್ಕನ್ನೂ ಅಳೆದು, ಏರಿದ್ದನ್ನು ಬಿಡಿಸಿ, ಪುಸ್ತಕದಲ್ಲಿ ಬರೆದುಕೊಂಡೆ. ಹೀಗೆ ಬಿಡಿಸಿದ ಟಯರು ತಣ್ಣಗಾದಾಗ ಒತ್ತಡ ತೀರ ಕಡಿಮೆಯಿರುತ್ತದೆ, ಗಾಳಿ ತುಂಬಿಸದೆ ಅದನ್ನು ರಸ್ತೆಗೆ ಇಳಿಸಲೇಬಾರದು.

ಚಕ್ರ ಬದಲಿಸುವಾಗ ಬೋಲ್ಟುಗಳನ್ನು ಎದುರುಬದುರಾಗಿ, ಬಿಗಿತವನ್ನು ಅಳೆಯುವ ಟಾರ್ಕ್ ರೆಂಚಿನಿಂದ 120 ನ್ಯೂಟನ್ ಮೀಟರಿಗೆ ಬಿಗಿದೆ. ಇದು ಪೋಲೊದ ಅಳತೆ, ಉಳಿದವರು ತಮ್ಮ ಕಾರಿನ ಕೈಪಿಡಿಯನ್ನೇ ನೋಡಬೇಕು. ಮಧ್ಯಾಹ್ನ ಮುಂದಿನವನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿದ್ದರಿಂದ ಸವೆತ ಹಂಚಿಹೋಯಿತು. ಸಂಜೆ ರಸ್ತೆಯ ಚಕ್ರಗಳಿಗೆ ಮರಳಿ, ಬಿಚ್ಚಿದವು ಪೂರ್ತಿ ಆರಿದ ಮೇಲಷ್ಟೇ ಒಳಗೆ ಹೇರಿದೆ. ಮರುದಿನ ಸತ್ಯಮಂಗಲದಲ್ಲಿ, ಘಾಟಿ ಹತ್ತುವ ಮೊದಲು, ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿದೆ. ಎರಡು ಸ್ವಲ್ಪ ತಿರುಗಿದವು. ಮಂಡಗದ್ದೆಯಲ್ಲಿ ಈ ಸಲವೂ ಮಳೆಯಿತ್ತು. ಕಾರು ಅಲುಗದೆ ಬಂತು.

ಇನ್ನು ಮನೆಯಲ್ಲಿ ಇಡುವ ಮಾತು. ಅಡಿಕೆ ತೋಟದ ಮನೆಗಳಲ್ಲಿ ಕೊಟ್ಟಿಗೆಯ ಮೂಲೆಯೇ ಮೊದಲು ಕಣ್ಣಿಗೆ ಬೀಳುತ್ತದೆ. ಆದರೆ ಕೊಳೆರೋಗದ ಔಷಧಿಗೆಂದು ತಂದ ಮೈಲುತುತ್ತ ಇರುವುದೂ ಅಲ್ಲಿಯೇ. ತಾಮ್ರದ ಆ ಲವಣವು ಅಲಾಯ್‌ನ ಅಲ್ಯೂಮಿನಿಯಮನ್ನು ತಿನ್ನುತ್ತದೆ, ರಬ್ಬರಿಗೂ ತಾಮ್ರ ಒಳ್ಳೆಯದಲ್ಲ. ಪಂಪಿನ ಮೋಟಾರು ಓಡುವ ಜಾಗವೂ ಬೇಡ, ಅದರ ಕಿಡಿಯಿಂದ ಹುಟ್ಟುವ ಓಜೋನ್ ಟಯರಿನಲ್ಲಿ ಬಿರುಕು ಬಿಡಿಸುತ್ತದೆ. ನಾನು ಚಕ್ರಗಳನ್ನು ತೊಳೆದು, ಒಣಗಿಸಿ, ಬಿಸಿಲು ಬೀಳದ ಒಳಕೋಣೆಯಲ್ಲಿ ಹಲಗೆಯ ಮೇಲೆ ಮಲಗಿಸಿ ಒಂದರ ಮೇಲೊಂದು ಪೇರಿಸಿದ್ದೇನೆ. ಯಾವುದು ಎಲ್ಲಿತ್ತೆಂದು ಸೀಮೆಸುಣ್ಣದಲ್ಲಿ ಬರೆದದ್ದು ಮಳೆಗಾಲದ ತೇವಕ್ಕೆ ಅಳಿಸಿಹೋಗಿತ್ತು; ಈಗ ಒಳಬದಿಯಲ್ಲಿ ಬಿಳಿ ಬಣ್ಣದಿಂದಲೇ ಬರೆದಿದ್ದೇನೆ.