ಗಡಿಯಾರ ಐದೂವರೆ ಗಂಟೆ ಮುಂದಕ್ಕೆ ಹೋಗಿದ್ದು ಯಾಕೆ?

ನವೆಂಬರ್ 9, 2025, ಭಾನುವಾರ

ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ (ವಿಂಡೋಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿದಾಗಿನಿಂದ ಎರಡು ತೊಂದರೆ ಹಾಗೇ ಉಳಿದಿದ್ದವು. ವೈಫೈ ಹೆಸರುಗಳೇ ಕಾಣುತ್ತಿರಲಿಲ್ಲ. ಗಡಿಯಾರ ತಪ್ಪು ತೋರಿಸುತ್ತಿತ್ತು. ಇವತ್ತು ಎರಡಕ್ಕೂ ಕಾರಣ ಸಿಕ್ಕಿತು, ಅದೇ ಖುಷಿಯಲ್ಲಿ ಬರೆಯುತ್ತಿದ್ದೇನೆ.

ಲ್ಯಾಪ್‌ಟಾಪ್ ಹಳೆಯದು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದರಲ್ಲಿಲ್ಲ, ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಅಕ್ಟೋಬರ್ 14ಕ್ಕೆ ನಿಂತಿತು. ಚೆನ್ನಾಗಿ ಓಡುವ ಯಂತ್ರವನ್ನು ಸುಮ್ನೆ ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಆದರೆ ಶಾಲೆಯ ಹಳೇ ಪ್ರಶ್ನೆಪತ್ರಿಕೆಗಳೆಲ್ಲ ವಿಂಡೋಸ್‌ನಲ್ಲಿ ಓಡುವ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿವೆ, ಹಾಗಾಗಿ ವಿಂಡೋಸ್ ಅಳಿಸದೆ ಪಕ್ಕದಲ್ಲೇ ಮಿಂಟ್ ಹಾಕಿಸಿಕೊಂಡೆ.

ಬೆಳಿಗ್ಗೆ ಮಿಂಟ್ ತೆರೆದಾಗ ಗೋಡೆ ಗಡಿಯಾರದಲ್ಲಿ 7:10, ಪರದೆಯ ಮೂಲೆಯಲ್ಲಿ 12:40. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ. ಗ್ರೀನ್‌ವಿಚ್‌ಗೂ ನಮಗೂ ಇರುವ ಅಂತರವೇ ಅದು, ಅಲ್ವಾ? ಇದು ಹೊಳೆದ ಮೇಲೆ ಉಳಿದದ್ದು ಬೇಗ ಬಿಡಿಸಿಕೊಂಡಿತು. ಮದರ್‌ಬೋರ್ಡ್‌ನಲ್ಲಿ ಒಂದು ಪುಟ್ಟ ಗಡಿಯಾರ ಇದೆ, ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಅದು ಓಡುತ್ತದೆ. ವಿಂಡೋಸ್ ಅದರಲ್ಲಿ ಭಾರತದ ಸಮಯವನ್ನೇ ಇಡುತ್ತದೆ. ಲಿನಕ್ಸ್ ಅಲ್ಲಿರುವುದು ಯುಟಿಸಿ, ಅಂದರೆ ಗ್ರೀನ್‌ವಿಚ್ ಲೆಕ್ಕದ ಸಮಯ, ಎಂದುಕೊಂಡು ಅದಕ್ಕೆ ಇನ್ನೂ ಐದೂವರೆ ಗಂಟೆ ಸೇರಿಸಿ ತೋರಿಸುತ್ತದೆ. ನೆಟ್ ಇದ್ದಿದ್ದರೆ ಮಿಂಟ್ ತಾನೇ ಸಮಯದ ಸರ್ವರ್ ಕೇಳಿ ತಿದ್ದಿಕೊಳ್ಳುತ್ತಿತ್ತು. ವೈಫೈ ಇಲ್ಲ, ಹಾಗಾಗಿ ತಿದ್ದುವವರೂ ಇಲ್ಲ!

ಅಂದರೆ ಮೊದಲು ವೈಫೈ ಸರಿಯಾಗಬೇಕು. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ (ಮೊಬೈಲ್ ನೆಟ್ ಹಂಚುವುದು) ಆನ್ ಮಾಡಿದೆ, ನೆಟ್ ಬಂತು. ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆದರೆ ವೈಫೈ ಚಿಪ್‌ನ ಹೆಸರೂ ಅದನ್ನು ನಡೆಸಲು ಬೇಕಾದ ತಂತ್ರಾಂಶ, ಅಂದರೆ ಡ್ರೈವರೂ ಅಲ್ಲೇ ಇದ್ದವು. ಆಯ್ಕೆ ಮಾಡಿ, ಇಳಿಸಿಕೊಂಡು, ರೀಸ್ಟಾರ್ಟ್ ಮಾಡಿದ ಮೇಲೆ ಮನೆಯ ವೈಫೈ ಕಾಣಿಸಿತು. ಗಡಿಯಾರವೂ ತಾನಾಗಿಯೇ ಸರಿಹೋಯಿತು.

ಆದರೆ ವಿಂಡೋಸ್‌ಗೆ ಹೋದರೆ ಅಲ್ಲಿ ಐದೂವರೆ ಗಂಟೆ ಹಿಂದೆ! ಮಿಂಟ್ ಈಗ ಆ ಪುಟ್ಟ ಗಡಿಯಾರಕ್ಕೆ ಯುಟಿಸಿ ಬರೆದಿತ್ತು. ಎರಡರಲ್ಲಿ ಒಂದು ಬಗ್ಗಲೇಬೇಕು. ಆದೇಶ ಟೈಪ್ ಮಾಡುವ ಟರ್ಮಿನಲ್‌ನಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಎಂದು ಕೊಟ್ಟರೆ ಲಿನಕ್ಸ್ ಕೂಡ ಸ್ಥಳೀಯ ಸಮಯವನ್ನೇ ಬಳಸುತ್ತದೆ. ಆಮೇಲೆ ಸ್ಥಿತಿ ನೋಡಿದರೆ, ಸಮಯ ವಲಯ ಬದಲಾದಾಗ, ಕೆಲವು ದೇಶಗಳಲ್ಲಿರುವಂತೆ ಬೇಸಿಗೆ ಸಮಯಕ್ಕೆ ಗಡಿಯಾರ ತಿರುಗಿಸುವಾಗ ತೊಂದರೆ ಆಗಬಹುದು ಅಂತ ಒಂದು ಎಚ್ಚರಿಕೆ ಇರುತ್ತದೆ. ನಮ್ಮಲ್ಲಿ ಗಡಿಯಾರ ತಿರುಗಿಸುವ ಪದ್ಧತಿಯೇ ಇಲ್ಲ, ಈ ಲ್ಯಾಪ್‌ಟಾಪ್ ಬೇರೆ ದೇಶಕ್ಕೂ ಹೋಗುವುದಿಲ್ಲ. ನನಗೆ ಇದೇ ಸಾಕು.

ಏನಾದರೂ ಕೆಟ್ಟರೆ 'ಮತ್ತೆ ಇನ್‌ಸ್ಟಾಲ್ ಮಾಡಿಬಿಡಿ' ಅನ್ನುವವರೇ ಜಾಸ್ತಿ. ನನಗಂತೂ ಆ ಸಲಹೆ ಇಷ್ಟವಿಲ್ಲ. ಹಾಗೆ ಮಾಡಿದ್ದರೆ ಇದೇ ಐದೂವರೆ ಗಂಟೆ ಮತ್ತೆ ಎದುರಿಗೆ ಬರುತ್ತಿತ್ತು.

ಸಂಜೆ ಕನ್ನಡ ಟೈಪಿಂಗ್ ಹಿಡಿದೆ. ಐಬಸ್ (ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ತಂತ್ರಾಂಶ) ಜೊತೆಗೆ ಹಲವು ಭಾಷೆಗಳ ಕೀಲಿಮಣೆ ಇರುವ ಎಂ17ಎನ್ ಪ್ಯಾಕೇಜ್ ಹಾಕಿ, ಲಾಗ್‌ಔಟ್ ಆಗಿ ಬಂದ ಮೇಲೆ ಪಟ್ಟಿಯಲ್ಲಿ ಕನ್ನಡ ಕೆಜಿಪಿ ಸಿಕ್ಕಿತು. ನುಡಿಯಲ್ಲಿ ಬೆರಳಿಗೆ ರೂಢಿಯಾದ ಅದೇ ಕೀಲಿಮಣೆ. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದೆ: ಕನ್ನಡ. ಒತ್ತಕ್ಷರಕ್ಕೆ ಅದೇ ಎಫ್! ಎಷ್ಟು ಸಮಾಧಾನವಾಯಿತು ಅಂದರೆ, ಈ ದಿನಚರಿಯನ್ನು ಅದರಲ್ಲೇ ಬರೆಯುತ್ತಿದ್ದೇನೆ.

ಹಳೇ ಪ್ರಶ್ನೆಪತ್ರಿಕೆಗಳು ಮಾತ್ರ ಲಿಬ್ರೆಆಫೀಸ್‌ನಲ್ಲಿ (ವರ್ಡ್‌ನಂಥ ತಂತ್ರಾಂಶ) ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆ. ಅವು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಮುಂಚಿನ ನುಡಿ ಫಾಂಟ್‌ನಲ್ಲಿ ಇರುವುದರಿಂದ ಹೀಗೆ. ಆ ಫಾಂಟ್ ಹಾಕಿದರೆ ಓದಬಹುದು, ಆದರೆ ಹುಡುಕಲು ಆಗುವುದಿಲ್ಲ. ಹತ್ತನೇ ತರಗತಿಯವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸುತ್ತೇನೆ, ಅರ್ಕಾವತ್ತು ಎಲ್ಲೆಲ್ಲಿ ತಪ್ಪುತ್ತದೋ ಕೂತು ನೋಡಬೇಕು.